ಯಾರೂ ಬಿಚ್ಚದ ಹಗ್ಗ: ಹ್ಯೂರನ್ ಸರೋವರದ ತಳದಲ್ಲಿ ಸಿಕ್ಕ ಎರಡು ಹಡಗುಗಳು

2017ರ ಮೇ ತಿಂಗಳಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಪಕ್ಕದಲ್ಲಿರುವ ಹ್ಯೂರನ್ ಸರೋವರದಲ್ಲಿ, ಸುಮಾರು 300 ಅಡಿ ಆಳದಲ್ಲಿ, ಮರದ ಸರಕು ಹಡಗೊಂದು ಸಿಕ್ಕಿತು. ಹೆಸರು 'ಓಹಾಯೋ'. 1875ರಲ್ಲಿ ನೀರಿಗಿಳಿದದ್ದು, 1894ರಲ್ಲಿ ಮುಳುಗಿದ್ದು. ಆದರೆ ಹುಡುಕುತ್ತಿದ್ದವರಿಗೆ ಅಲ್ಲಿಗೆ ಸಮಾಧಾನ ಆಗಲಿಲ್ಲ. ಓಹಾಯೋಗೆ ಡಿಕ್ಕಿ ಹೊಡೆದಿದ್ದ 'ಐರನ್‌ಟನ್' ಎಂಬ ಹಾಯಿ ಹಡಗು ಎಲ್ಲಿ? ಓಹಾಯೋದಲ್ಲಿದ್ದ 16 ಜನರೂ ಬದುಕಿ ಬಂದಿದ್ದರು. ಐರನ್‌ಟನ್‌ನಲ್ಲಿದ್ದ ಏಳು ಜನರಲ್ಲಿ ಐವರು ತೀರಿಕೊಂಡಿದ್ದರು.

ಸರೋವರ ಅಂದರೆ ನಮ್ಮ ಕಣ್ಣ ಮುಂದೆ ಬರುವ ಕೆರೆಯಲ್ಲ ಇದು. ದಡವೇ ಕಾಣದಷ್ಟು ದೊಡ್ಡದು, ಬಿರುಗಾಳಿ ಎದ್ದರೆ ಸಮುದ್ರಕ್ಕೇನೂ ಕಡಿಮೆಯಿಲ್ಲ. ಇಂಥ ಐದು ಮಹಾ ಸರೋವರಗಳ ಮೇಲೆಯೇ ಆಗ ಕಬ್ಬಿಣದ ಅದಿರು, ಕಲ್ಲಿದ್ದಲು, ಗೋಧಿ ಎಲ್ಲವೂ ಸಾಗುತ್ತಿದ್ದವು. 1869ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕಟ್ಟಿದ 'ಆರ್. ಜೆ. ಹ್ಯಾಕೆಟ್' ಎಂಬ ಮರದ ಸ್ಟೀಮರ್ ಈ ಸರಕು ಹಡಗುಗಳಿಗೆ ಮಾದರಿಯಾಯಿತು. ಮುಂದೆ ಚಾಲಕರ ಕೋಣೆ, ಹಿಂದೆ ಎಂಜಿನ್, ನಡುವೆ ಪೂರ್ತಿ ಸರಕಿಗೆ ಜಾಗ. ಜಾಸ್ತಿ ಸರಕು ಸಾಗಿಸಲು ಮಾಲೀಕರು ಇನ್ನೊಂದು ದಾರಿಯನ್ನೂ ಕಂಡುಕೊಂಡರು. ಒಂದು ಸ್ಟೀಮರಿನ ಹಿಂದೆ ಎರಡು ಮೂರು ಹಾಯಿ ಹಡಗುಗಳನ್ನು ಹಗ್ಗ ಕಟ್ಟಿ ಎಳೆಸುವುದು. ಖರ್ಚು ಕಡಿಮೆ. ಆದರೆ ಮುಂದಿನ ಎಂಜಿನ್ ಕೈಕೊಟ್ಟರೆ ಹಿಂದಿನವನ್ನು ತಡೆಯುವವರು ಯಾರು?

1894ರ ಸೆಪ್ಟೆಂಬರ್ 26ರ ರಾತ್ರಿ ಆಗಿದ್ದು ಅದೇ. 'ಚಾರ್ಲ್ಸ್ ಜೆ. ಕರ್ಶಾ' ಎಂಬ ಸ್ಟೀಮರ್ 'ಮೂನ್‌ಲೈಟ್' ಮತ್ತು ಐರನ್‌ಟನ್‌ಗಳನ್ನು ಎಳೆದುಕೊಂಡು ಸುಪೀರಿಯರ್ ಸರೋವರದ ಕಡೆ ಹೊರಟಿತ್ತು. ಎರಡೂ ಖಾಲಿ. ನಡುರಾತ್ರಿ ಹನ್ನೆರಡೂವರೆ ಸುಮಾರಿಗೆ ಕರ್ಶಾದ ಎಂಜಿನ್ ನಿಂತುಹೋಯಿತು. ದಕ್ಷಿಣದಿಂದ ಜೋರು ಗಾಳಿ. ಹಿಂದಿದ್ದ ಎರಡೂ ಹಡಗುಗಳು ಕರ್ಶಾದ ಮೇಲೆಯೇ ನುಗ್ಗತೊಡಗಿದವು. ಒಂದಕ್ಕೊಂದು ಸಿಕ್ಕಿಕೊಳ್ಳಬಾರದೆಂದು ಮೂನ್‌ಲೈಟ್‌ನವರು ಐರನ್‌ಟನ್‌ನ ಹಗ್ಗ ಕಡಿದರು. ಅವರನ್ನು ದೂರುವುದು ಕಷ್ಟ. ಆ ಹೊತ್ತಿಗೆ ಅವರ ಕೈಯಲ್ಲಿದ್ದ ಉಪಾಯ ಅದೊಂದೇ.

ಕತ್ತಲಲ್ಲಿ ಒಂಟಿಯಾದ ಐರನ್‌ಟನ್‌ನಲ್ಲಿ ಕ್ಯಾಪ್ಟನ್ ಪೀಟರ್ ಜಿರಾರ್ಡ್ ಮತ್ತವರ ಸಿಬ್ಬಂದಿ ಹಾಯಿ ಬಿಚ್ಚಿ, ಹಡಗನ್ನು ಹತೋಟಿಗೆ ತರಲು ಒದ್ದಾಡಿದರು. ಅಷ್ಟರಲ್ಲಿ ಅದು ಸುಪೀರಿಯರ್ ಸರೋವರದ ಬಂದರು ಡುಲುತ್‌ನಿಂದ ಸಾವಿರ ಟನ್ ಧಾನ್ಯ ಹೊತ್ತು ಬರುತ್ತಿದ್ದ ಓಹಾಯೋದ ದಾರಿಗೇ ಅಡ್ಡ ಹೋಗಿಬಿಟ್ಟಿತ್ತು. ಡಿಕ್ಕಿಗೆ ಓಹಾಯೋದ ಒಡಲಲ್ಲಿ 12 ಅಡಿ ಅಗಲದ ತೂತು ಬಿತ್ತು. ಅದು ಬೇಗನೆ ಮುಳುಗಿತು. ಅದರಲ್ಲಿದ್ದವರು ದೋಣಿ ಇಳಿಸಿಕೊಂಡು ಪಾರಾದರು.

ಮೂತಿ ಒಡೆದ ಐರನ್‌ಟನ್ ಮಾತ್ರ ಗಾಳಿಗೆ ಸಿಕ್ಕು, ಉಳಿದ ಹಡಗುಗಳ ಕಣ್ಣಿಗೆ ಬೀಳದಷ್ಟು ದೂರ ತೇಲಿಹೋಗಿ ಮುಳುಗಿತು. ಅದು ಎಲ್ಲಿದೆ ಅನ್ನುವುದು ಒಂದು ಶತಮಾನಕ್ಕೂ ಹೆಚ್ಚು ಕಾಲ ತಿಳಿಯದೇ ಉಳಿದದ್ದು ಇದರಿಂದಲೇ. ಏಳೂ ಜನ ದೋಣಿ ಹತ್ತಿದ್ದರು. ಆದರೆ ದೋಣಿಯನ್ನು ಹಡಗಿಗೆ ಕಟ್ಟಿದ್ದ ಹಗ್ಗವನ್ನು ಆ ಗಡಿಬಿಡಿಯಲ್ಲಿ ಯಾರೂ ಬಿಚ್ಚಲಿಲ್ಲ. ಹಡಗು ಮುಳುಗುವಾಗ ದೋಣಿಯನ್ನೂ ಎಳೆದುಕೊಂಡು ಹೋಯಿತು. ತೇಲುತ್ತಿದ್ದ ಸಾಮಾನು ಹಿಡಿದು ಬದುಕಿದವರು ವಿಲಿಯಂ ವೂಲಿ ಮತ್ತು ವಿಲಿಯಂ ಪ್ಯಾರಿ, ಇಬ್ಬರೇ. ಹಗ್ಗದ ವಿಷಯ ಜಗತ್ತಿಗೆ ಗೊತ್ತಾಗಿದ್ದು ಆಗಿನ ಪತ್ರಿಕೆಯಲ್ಲಿ ಬಂದ ಬದುಕುಳಿದವರ ಹೇಳಿಕೆಯಿಂದ.

ಓಹಾಯೋ ಸಿಕ್ಕ ಮೇಲೆ ಹುಡುಕಾಟಕ್ಕೆ ಒಂದು ಗುರುತು ಸಿಕ್ಕಂತಾಯಿತು. ಡಿಕ್ಕಿಯ ಜಾಗ ಗೊತ್ತು, ಅವತ್ತಿನ ಗಾಳಿಯ ದಿಕ್ಕೂ ಗೊತ್ತು. 2019ರಲ್ಲಿ, ಈ ಸರೋವರದಲ್ಲಿ ಮುಳುಗಿದ ಹಡಗುಗಳನ್ನು ಕಾಯುವ ಥಂಡರ್ ಬೇ ರಾಷ್ಟ್ರೀಯ ಜಲ ಅಭಯಧಾಮದವರು, ಟೈಟಾನಿಕ್ ಪತ್ತೆಹಚ್ಚಿದ ರಾಬರ್ಟ್ ಬಲ್ಲಾರ್ಡ್ ಅವರ ಸಂಸ್ಥೆಯ ಜೊತೆ ಸೇರಿ, ಶಬ್ದದ ಅಲೆಗಳಿಂದ ತಳವನ್ನು ಗುರುತಿಸುವ ಸೋನಾರ್ ಇದ್ದ ಚಾಲಕರಹಿತ ದೋಣಿಯಿಂದ ಸರೋವರದ ತಳವನ್ನು ಜಾಲಾಡಿದರು. ಆ ಯಾತ್ರೆ ಮುಗಿಯುವ ಹೊತ್ತಿಗೆ ಐರನ್‌ಟನ್ ಸಿಕ್ಕಿತು. 2021ರಲ್ಲಿ ನೀರೊಳಗಿನ ಕ್ಯಾಮೆರಾ ಇಳಿಸಿದಾಗ ಕಂಡಿದ್ದು ನೆಟ್ಟಗೆ ಕೂತ ಹಡಗು, ಇನ್ನೂ ನಿಂತೇ ಇರುವ ಮೂರು ಹಾಯಿ ಕಂಬಗಳು. ಹಿಂಭಾಗದಲ್ಲಿ ಆ ದೋಣಿ, ಹಡಗಿಗೆ ಕಟ್ಟಿದ ಹಾಗೇ! ಸಾವಿನ ದವಡೆಯಿಂದ ಬಂದವರು ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು. ಈ ಹುಡುಕಾಟದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಮರ ಇಷ್ಟು ವರ್ಷ ಹೇಗೆ ಉಳಿಯಿತು? ಸಮುದ್ರದಲ್ಲಾದರೆ ಮರ ಕೊರೆಯುವ ಜೀವಿಗಳು ಹಡಗನ್ನು ತಿಂದು ಮುಗಿಸುತ್ತವೆ. ಸಿಹಿನೀರಿನಲ್ಲಿ ಅವು ಬದುಕುವುದಿಲ್ಲ. ಜೊತೆಗೆ ಆ ಆಳದಲ್ಲಿ ನೀರು ವರ್ಷವಿಡೀ ಕೊರೆಯುವಷ್ಟು ತಣ್ಣಗಿರುತ್ತದೆ.

ಆದರೆ ಈ ರಕ್ಷಣೆ ಈಗ ಸಡಿಲವಾಗುತ್ತಿದೆ. ಕಪ್ಪು ಸಮುದ್ರದ ಸೀಮೆಯಿಂದ ಸರಕು ಹಡಗುಗಳು ಸಮತೋಲನಕ್ಕೆಂದು ತುಂಬಿಸಿಕೊಳ್ಳುವ ನೀರಿನಲ್ಲಿ ಸೇರಿಕೊಂಡು ಬಂದ ಕ್ವಾಗಾ ಎಂಬ ಪುಟ್ಟ ಕಪ್ಪೆಚಿಪ್ಪುಗಳು ಈ ಸರೋವರಗಳಲ್ಲಿ ಹೆಚ್ಚಿನವುಗಳ ತಳದಲ್ಲಿ ಹಬ್ಬಿವೆ. ಮುಳುಗಿದ ಹಡಗುಗಳ ಮೇಲೆ ಪದರಪದರವಾಗಿ ಅಂಟಿಕೊಳ್ಳುತ್ತವೆ. ಆ ಭಾರಕ್ಕೆ ಹಲಗೆಗಳು ಕಳಚುತ್ತವೆ, ಕಬ್ಬಿಣದ ಮೊಳೆಗಳು ಬೇಗ ತುಕ್ಕು ಹಿಡಿಯುತ್ತವೆ. ಹಾಗಾಗಿ ಹುಡುಕುವ ಕೆಲಸಕ್ಕೆ ಈಗ ಅವಸರ ಬಂದಿದೆ. ಅಭಯಧಾಮದ ವ್ಯಾಪ್ತಿಯನ್ನು 2014ರಲ್ಲಿ 448 ಚದರ ಮೈಲಿಯಿಂದ 4,300 ಚದರ ಮೈಲಿಗೆ ಹಿಗ್ಗಿಸಿದ್ದರಿಂದಲೇ ಇಂಥ ಹಡಗುಗಳಿಗೆ ಅದರ ಕಾವಲು ಸಿಕ್ಕಿದ್ದು. ಐರನ್‌ಟನ್ ಸಿಕ್ಕ ಸುದ್ದಿಯನ್ನು ಹೊರಗೆ ಹೇಳಿದ್ದು 2023ರ ಮಾರ್ಚ್‌ನಲ್ಲಿ. ನೋಡಲು ಇಳಿಯುವ ಮುಳುಗುಗಾರರ ದೋಣಿಗಳು ಲಂಗರು ಹಾಕಿ ಅದನ್ನು ಹಾಳುಮಾಡದಂತೆ, ಆ ಜಾಗದಲ್ಲಿ ದೋಣಿ ಕಟ್ಟಲು ಒಂದು ತೇಲುಬುರುಡೆ ಇಡುವ ಯೋಜನೆಯನ್ನೂ ಆಗಲೇ ತಿಳಿಸಿದರು.