ಮೂರನೇ ದಿನದ ಸಿಆರ್‌ಪಿ

ಬೈಪಾಸ್ ಆಗಿ ಮೂರನೇ ದಿನ. ರೌಂಡ್ಸ್‌ಗೆ ಹೋದರೆ ರೋಗಿಯ ಮಗ ಮೊಬೈಲ್ ಮುಂದೆ ಹಿಡಿದ. ಲ್ಯಾಬ್ ರಿಪೋರ್ಟ್‌ನಲ್ಲಿ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನ್) ಲೀಟರ್‌ಗೆ 180 ಮಿಲಿಗ್ರಾಂ, ಪಕ್ಕದಲ್ಲೊಂದು ಕೆಂಪು ಬಾಣ. ನಾರ್ಮಲ್ 5ರ ಒಳಗೆ ಅಂತ ಅಲ್ಲೇ ಬರೆದಿದೆ. "ಡಾಕ್ಟ್ರೇ, ಅಪ್ಪಂಗೆ ಇನ್‌ಫೆಕ್ಷನ್ ಆಗಿದ್ಯಾ?"

ಅಪ್ಪ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಾರೆ. ಜ್ವರವಿಲ್ಲ. ಗಾಯ ಒಣಗಿದೆ.

ಆ 5 ಎಂಬುದು ಆರೋಗ್ಯವಾಗಿರುವವರ ಅಳತೆ. ಇವರಿಗೆ ನಾವು ಎದೆಮೂಳೆ ಸೀಳಿದ್ದೇವೆ, ಕಾಲಿನಿಂದ ರಕ್ತನಾಳ ತೆಗೆದಿದ್ದೇವೆ, ಹಾರ್ಟ್-ಲಂಗ್ ಮಷಿನ್‌ನ ಪ್ಲಾಸ್ಟಿಕ್ ಕೊಳವೆಗಳಲ್ಲಿ ರಕ್ತ ಓಡಿಸಿದ್ದೇವೆ. ಮೈಗೆ ಇದೆಲ್ಲ ದೊಡ್ಡ ಪೆಟ್ಟೇ ಅಲ್ವಾ? ಕೆಲವೇ ಗಂಟೆಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನ್ ಏರಿ ಲಿವರ್‌ಗೆ ಸುದ್ದಿ ಮುಟ್ಟಿಸುತ್ತದೆ. ಲಿವರ್ ಸಿಆರ್‌ಪಿ ತಯಾರಿಸಲು ಶುರು ಮಾಡುತ್ತದೆ. ಎರಡು-ಮೂರನೇ ದಿನಕ್ಕೆ ಅದು ತುದಿ ಮುಟ್ಟುತ್ತದೆ. ಮಷಿನ್ ಹಾಕದೆ, ಬಡಿಯುವ ಹೃದಯದ ಮೇಲೇ ಬೈಪಾಸ್ ಮಾಡಿದರೂ ಸಿಆರ್‌ಪಿ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ಈ ಪ್ರೋಟೀನನ್ನು ಮೊದಲು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಸೋಂಕಿನ ಜೊತೆ ಅದರ ನಂಟು ಅಷ್ಟು ಹಳೆಯದು. ಆದರೆ ಕೀಟಾಣು ಕಚ್ಚಿತೋ, ಕತ್ತಿ ತಾಗಿತೋ, ಲಿವರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ನೋಡುವುದು ಅಂಕಿ ಯಾವ ಕಡೆ ಹೋಗುತ್ತಿದೆ ಅಂತ. ಲಿವರ್ ತಯಾರಿ ನಿಲ್ಲಿಸಿದರೆ ಸುಮಾರು 19 ಗಂಟೆಗೆ ರಕ್ತದಲ್ಲಿನ ಸಿಆರ್‌ಪಿ ಅರ್ಧವಾಗುತ್ತದೆ. ತಯಾರಿ ಒಮ್ಮೆಲೇ ನಿಲ್ಲುವುದಿಲ್ಲ, ಹಾಗಾಗಿ ನಿಜದಲ್ಲಿ ನಿಧಾನವಾಗಿ ಇಳಿಯುತ್ತದೆ. 180 ಇದ್ದದ್ದು ಐದನೇ ದಿನ 110, ಏಳನೇ ದಿನ 60 ಆದರೆ ನನಗೆ ನೆಮ್ಮದಿ. 90ಕ್ಕೆ ಇಳಿದದ್ದು ಎಂಟನೇ ದಿನ ಮತ್ತೆ 160 ಆಯಿತೋ, ಆಗ ಕೂರುವ ಹಾಗಿಲ್ಲ. ಎದೆಯ ಮೇಲೆ ಕೈಯಿಟ್ಟು ಕೆಮ್ಮಲು ಹೇಳುತ್ತೇನೆ, ಮೂಳೆ ಅಲುಗಾಡುತ್ತಿದೆಯಾ ಅಂತ ನೋಡಲು. ಕಾಲಿನ ಗಾಯ, ಶ್ವಾಸಕೋಶ, ಮೂತ್ರ ಎಲ್ಲವನ್ನೂ ಹುಡುಕುತ್ತೇನೆ. ಅನುಮಾನ ಉಳಿದರೆ ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸುತ್ತೇನೆ. ಅದು ಮೊದಲ ದಿನವೇ ಸ್ವಲ್ಪ ಏರಿ ಬೇಗ ಇಳಿಯುತ್ತದೆ, ತಡವಾಗಿ ಏರಿದರೆ ಬ್ಯಾಕ್ಟೀರಿಯಾ ಸೋಂಕಿನ ಗುಮಾನಿ ಗಟ್ಟಿಯಾಗುತ್ತದೆ. ಉರಿಯೂತ ತೋರಿಸುವ ಮತ್ತೊಂದು ರಕ್ತಪರೀಕ್ಷೆ ಇಎಸ್‌ಆರ್, ಆಪರೇಷನ್ ನಂತರ ವಾರಗಟ್ಟಲೆ ಜಾಸ್ತಿಯೇ ಇರುತ್ತದೆ. ಈ ದಿನಗಳಲ್ಲಿ ನಾನದನ್ನು ಬರೆಯುವುದೇ ಇಲ್ಲ.

ಬರೀ ಕೆಂಪು ಬಾಣ ನೋಡಿ ಸುಮ್ನೆ ಆಂಟಿಬಯೋಟಿಕ್ ಬದಲಾಯಿಸುವುದು ನನಗೆ ಸಂಕಟ ತರುತ್ತದೆ. ಭೇದಿ ಶುರುವಾಗಬಹುದು, ಕಿಡ್ನಿಗೆ ಭಾರವಾಗಬಹುದು, ನಾಳೆ ನಿಜವಾದ ಸೋಂಕು ಬಂದಾಗ ಔಷಧಿ ನಾಟದೇ ಹೋಗಬಹುದು.

ಫಾಲೋಅಪ್‌ಗೆ ಬರುವಾಗ ಕೊನೆಯ ರಿಪೋರ್ಟ್ ಒಂದನ್ನೇ ತರಬೇಡಿ, ಎಲ್ಲವನ್ನೂ ತನ್ನಿ. ಅಳತೆಯನ್ನೂ ಗಮನಿಸಿ: ಕೆಲವು ಲ್ಯಾಬ್‌ಗಳು ಲೀಟರ್ ಬದಲು ಡೆಸಿಲೀಟರ್ ಲೆಕ್ಕ ಕೊಡುತ್ತವೆ, ಅಲ್ಲಿ ಇದೇ 180 ಬರೀ 18 ಅಂತ ಕಾಣುತ್ತದೆ. ಮನೆಯಲ್ಲಿ ಕೆಮ್ಮುವಾಗ ಎದೆಮೂಳೆ ಟಕ್ ಅಂದರೆ, ಗಾಯದಿಂದ ನೀರು ಬಂದು ಬಟ್ಟೆ ಒದ್ದೆಯಾದರೆ, ಚಳಿಜ್ವರ ಬಂದರೆ ಯಾವ ರಿಪೋರ್ಟಿಗೂ ಕಾಯದೆ ಅವತ್ತೇ ಬನ್ನಿ.