ಭಟ್ಕಳದ ‘ಭ’ ಮತ್ತು ದಪ್ಪ ಅಕ್ಷರದ ಲೆಕ್ಕ

ಕಾರವಾರ, ಅಂಕೋಲಾ, ಕುಮಟಾ, ಶಿರಸಿ. ಈ ಹೆಸರುಗಳಲ್ಲಿ ಒಂದೂ ಒತ್ತಕ್ಷರ ಇಲ್ಲ. ಬೋರ್ಡ್ ಬರೆಯುವವರಿಗೆ ಆರಾಮ. ಪೇಚಾಟ ಶುರುವಾಗುವುದು ಹೊನ್ನಾವರ, ಭಟ್ಕಳ ಬಂದಾಗ. ಅದರಲ್ಲೂ ಭಟ್ಕಳ! ನಡುವೆ ಕ ಒತ್ತು, ಮೊದಲಲ್ಲೇ ಕೆಳಗೆ ಸೀಳಿರುವ ಭ. ಆ ಸೀಳು ಮುಚ್ಚಿಹೋದರೆ ಊರು ‘ಬಟ್ಕಳ’ದಂತೆ ಕಾಣುತ್ತದೆ.

ಅಂಗಡಿ ಬೋರ್ಡು, ಚಿಪ್ಸ್ ಪ್ಯಾಕೆಟ್ಟು, ಜಾತ್ರೆ ಬ್ಯಾನರು, ಎಲ್ಲಿ ನೋಡಿದರೂ ಈಗ ದಪ್ಪ ದಪ್ಪ ಉರುಟು ಅಕ್ಷರಗಳು. ತುದಿಗಳೆಲ್ಲ ಗುಂಡಗೆ, ಗೆರೆ ಎಲ್ಲ ಕಡೆ ಒಂದೇ ದಪ್ಪ ಇದ್ದಂತೆ. ಇದ್ದಂತೆ ಅಷ್ಟೇ. ಕೈವಾರ ಹಿಡಿದು ಎಳೆದ ಉಂಗುರದ ಮೇಲು-ಕೆಳಗಿನ ಭಾಗ ಕಣ್ಣಿಗೆ ಪಕ್ಕದ ಭಾಗಕ್ಕಿಂತ ದಪ್ಪ ಕಾಣುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಸವರಬೇಕು. ಚೌಕದ ಪಕ್ಕ ಅಷ್ಟೇ ಎತ್ತರದ ವೃತ್ತ ಗಿಡ್ಡ ಕಾಣುವುದರಿಂದ ಅದನ್ನು ಒಂಚೂರು ಹಿಗ್ಗಿಸಬೇಕು. ಜರ್ಮನಿಯ ಪಾಲ್ ರೆನ್ನರ್ 1927ರಲ್ಲಿ ಹೊರತಂದ ಫ್ಯೂಚುರಾ ಜ್ಯಾಮಿತಿಗೇ ಹೆಸರಾದ ಇಂಗ್ಲಿಷ್ ಅಕ್ಷರಗಳ ಫಾಂಟ್. ಅದರಲ್ಲೂ ಇಂಥ ತಿದ್ದುಪಡಿಗಳಿವೆ.

ಕನ್ನಡದಲ್ಲಿ ಕಷ್ಟ ಇನ್ನೂ ಜಾಸ್ತಿ. ದ-ಧ ನಡುವೆ ಇರುವುದು ಒಂದು ಸಣ್ಣ ಸೀಳು. ಬ-ಭ ನಡುವೆ ಅಂಥದೇ ಸೀಳು, ಜೊತೆಗೆ ತಲೆಕಟ್ಟು. ರ-ಠ ನಡುವೆ ಒಂದು ಚುಕ್ಕಿ. ಗೆರೆ ದಪ್ಪ ಮಾಡಿದಷ್ಟೂ ಅದು ಒಳಗಿನ ಖಾಲಿ ಜಾಗವನ್ನು ತಿನ್ನುತ್ತದೆ.

ಎಷ್ಟು ಜಾಗ ಉಳಿಸಬೇಕು? ಇದಕ್ಕೆ ಕಣ್ಣಿನ ಡಾಕ್ಟರರ ಹತ್ತಿರ ಲೆಕ್ಕ ಇದೆ. ಕಣ್ಣು ಪರೀಕ್ಷೆಗೆ ಬಳಸುವ ಲ್ಯಾಂಡೋಲ್ಟ್ ಉಂಗುರ ನೋಡಿ. ಒಂದು ದಪ್ಪ ಉಂಗುರ, ಒಂದು ಕಡೆ ಬಿರುಕು. ಬಿರುಕು ಯಾವ ಕಡೆ ಎಂದು ಹೇಳಬೇಕು, ಅಷ್ಟೇ. ಒಳ್ಳೆಯ ಕಣ್ಣಿಗೆ ಕಾಣಲು ಆ ಬಿರುಕು ಡಿಗ್ರಿಯ 60ನೇ ಒಂದು ಭಾಗದಷ್ಟು ಅಗಲ ಇರಬೇಕು. 20 ಮೀಟರ್ ದೂರದಲ್ಲಿ ಅದು ಸುಮಾರು 6 ಮಿಲಿಮೀಟರ್. ಭ ಅಕ್ಷರದ ಸೀಳು ಅದರ ಎತ್ತರದ ಹದಿನೈದರಲ್ಲಿ ಒಂದು ಪಾಲು ಅಂದುಕೊಳ್ಳಿ. ಆಗ ಅಕ್ಷರ 9 ಸೆಂಟಿಮೀಟರ್ ಎತ್ತರ ಬೇಕು. ದಪ್ಪ ಮಾಡುವ ಭರದಲ್ಲಿ ಸೀಳನ್ನು ಅರ್ಧಕ್ಕೆ ಇಳಿಸಿದರೆ 18 ಸೆಂಟಿಮೀಟರ್! ಅದೂ ಬಿಸಿಲಿದ್ದಾಗ. ನಮ್ಮ ಆಷಾಢದ ಮಳೆಯಲ್ಲಿ ಬಸ್ಸಿನ ಬೋರ್ಡ್ ಓದುವ ಪಾಡು ಬೇರೆಯೇ.

ಗುಂಡು ತುದಿಗಳಿಂದ ಲಾಭವೂ ಇದೆ. ಅಕ್ರಿಲಿಕ್ ಹಾಳೆ ಕೊರೆಯುವ ರೂಟರ್ ಯಂತ್ರದ ಬಿಟ್ (ಕೊರೆಯುವ ಮೊನೆ) ತಿರುಗುತ್ತಾ ಕೊರೆಯುತ್ತದೆ, ಒಳಮೂಲೆ ಚೂಪಾಗಿ ಬರುವುದೇ ಇಲ್ಲ. ಉರುಟು ಅಕ್ಷರಕ್ಕೆ ಆ ತಾಪತ್ರಯವಿಲ್ಲ. ಈ ಜಾತಿಯ ಕನ್ನಡ ಅಕ್ಷರ ಬೇಕಿದ್ದರೆ ಮುಂಬೈಯ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ಗುಂಪು ಮಾಡಿದ ‘ಬಾಲೂ ತಮ್ಮ’ ಫಾಂಟ್ ಪುಕ್ಕಟೆ ಸಿಗುತ್ತದೆ. ದೊಡ್ಡಕ್ಷರದ ತಲೆಬರಹಕ್ಕೆ ಚೆಂದ. ಆಮಂತ್ರಣದ ಒಕ್ಕಣೆ ಪೂರ್ತಿ ಅದರಲ್ಲೇ ಹಾಕಬೇಡಿ, ಓದುವವರಿಗೆ ಕಣ್ಣು ನೋವು.

ಶಿರಸಿ ಜಾತ್ರೆ ಹೊತ್ತಿಗೆ ಏಳುವ ಫ್ಲೆಕ್ಸ್‌ಗಳಲ್ಲಿ ಮಾತ್ರ ದಪ್ಪ ಅಕ್ಷರಕ್ಕೆ ಹಳದಿ ಅಂಚು, ಅದಕ್ಕೊಂದು ಕಪ್ಪು ನೆರಳು. ಅಂಚು ಸೀಳಿನೊಳಗೂ ಹೊಕ್ಕುತ್ತದಲ್ವಾ? ನೆರಳಾದರೂ ತೆಗೆಯಿರಿ ಮಾರಾಯ್ರೆ.