ಜಲಾಂತರ್ಗಾಮಿಯ ತೂಕದ ಲೆಕ್ಕ

ನೀರು ತುಂಬಿದರೆ ಮುಳುಗುತ್ತದೆ, ಹೊರಹಾಕಿದರೆ ಏಳುತ್ತದೆ: ಜಲಾಂತರ್ಗಾಮಿಯ ಬಗ್ಗೆ ಕಾರವಾರದಲ್ಲಿ ಯಾರನ್ನು ಕೇಳಿದರೂ ಇಷ್ಟನ್ನು ಹೇಳಿಬಿಡುತ್ತಾರೆ. ತಪ್ಪೇನಿಲ್ಲ, ಆದರೆ ಅದು ಸುಲಭದ ಭಾಗ. ಮುಳುಗಿದ ಮೇಲೆ ಏರದೆ, ಇಳಿಯದೆ ಒಂದೇ ಆಳದಲ್ಲಿ ನಿಲ್ಲಿಸುವುದೇ ನಿಜವಾದ ಕೆಲಸ.

2022ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಕಾರವಾರದಿಂದ ಹತ್ತಿದ್ದ ಐಎನ್‌ಎಸ್ ಖಂಡೇರಿಯನ್ನೇ ತೆಗೆದುಕೊಳ್ಳಿ. ಕಲ್ವರಿ ವರ್ಗದ ಈ ನೌಕೆ ಮೇಲೆ ತೇಲುವಾಗ ಸುಮಾರು 1,615 ಟನ್, ಮುಳುಗಿದಾಗ 1,775 ಟನ್. ನಡುವಿನ 160 ಟನ್ನಿನಷ್ಟು ನೀರು ಮುಖ್ಯ ಬ್ಯಾಲಾಸ್ಟ್ ಟ್ಯಾಂಕುಗಳಿಗೆ ಸೇರಿದ್ದು. ಇವುಗಳಿಗೆ ನೀರು ನುಗ್ಗುವುದು ತಳದ ಕಿಂಡಿಗಳಿಂದ. ಮೇಲಿನ ವೆಂಟ್ ಕವಾಟ ಮುಚ್ಚಿರುವವರೆಗೆ ಒಳಗೆ ಸಿಕ್ಕಿಬಿದ್ದ ಗಾಳಿ ನೀರನ್ನು ತಡೆಯುತ್ತದೆ. ತೆರೆದರೆ ಗಾಳಿ ಭುಸ್ಸೆಂದು ಹಾರಿ ಟ್ಯಾಂಕು ತುಂಬುತ್ತದೆ. ಮುಳುಗಿ ಸಾಗುವಾಗ ಈ ಟ್ಯಾಂಕುಗಳನ್ನು ಅರ್ಧ ತುಂಬಿಸಿ ಇಡುವುದಿಲ್ಲ. ಒಳಗೆ ಗಾಳಿ ಉಳಿದರೆ ಆಳಕ್ಕಿಳಿದಂತೆ ಅದು ಕುಗ್ಗಿ ನೌಕೆ ಇನ್ನಷ್ಟು ಭಾರವಾಗುತ್ತದೆ, ಏರಿದಂತೆ ಹಿಗ್ಗಿ ಹಗುರವಾಗುತ್ತದೆ.

ಹಾಗಾಗಿ ಸೂಕ್ಷ್ಮ ಹೊಂದಾಣಿಕೆಗೆ ಬೇರೆಯೇ ಟ್ಯಾಂಕುಗಳಿವೆ. ನಡುವಿನವು ಒಟ್ಟು ತೂಕ ಸರಿದೂಗಿಸಲು; ಮೂತಿ ಮತ್ತು ಬಾಲದ ಟ್ರಿಮ್ ಟ್ಯಾಂಕುಗಳು ಓಲುವಿಕೆ ಸರಿಪಡಿಸಲು. ಹೊರಡುವ ಮೊದಲೇ ಇಂಧನ, ಕುಡಿಯುವ ನೀರು, ಅಕ್ಕಿಬೇಳೆ, ಟಾರ್ಪಿಡೊ, ಜನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದರಲ್ಲಿ ಹೊಸಬರು ಎಡವುವುದು ಡೀಸೆಲ್ ವಿಷಯದಲ್ಲಿ. ಉರಿದಷ್ಟೂ ನೌಕೆ ಹಗುರವಾಗಬೇಕಲ್ಲ ಎಂದುಕೊಳ್ಳುತ್ತಾರೆ. ಆದರೆ ಖಾಲಿಯಾದ ಜಾಗಕ್ಕೆ ಕಡಲ ನೀರೇ ಬಂದು ಕೂರುವಂಥ ಟ್ಯಾಂಕಿದ್ದರೆ, ಹತ್ತು ಘನ ಮೀಟರ್ ಡೀಸೆಲ್ ಉರಿಯುವಷ್ಟರಲ್ಲಿ ನೌಕೆ ಸುಮಾರು ಒಂದೂಮುಕ್ಕಾಲು ಟನ್ ಭಾರವಾಗಿರುತ್ತದೆ. ನೀರು ಡೀಸೆಲ್‌ಗಿಂತ ತೂಕದ್ದು, ಅಷ್ಟೇ.

ಇನ್ನು ನೀರಿನ ಸಾಂದ್ರತೆ. ಮಳೆಗಾಲದಲ್ಲಿ ಕಾಳಿ ಅಳಿವೆಯಿಂದ ಹೊರಬೀಳುವ ಕೆನ್ನೀರು ಉಪ್ಪುನೀರಿನ ಮೇಲೆ ಪದರವಾಗಿ ಹರಡುವುದು ದೇವಬಾಗ, ಕೋಡಿಬಾಗದ ಮೀನುಗಾರರಿಗೆ ಹೊಸದಲ್ಲ. ಅಷ್ಟು ಆಳವಿಲ್ಲದ ನೀರಲ್ಲಿ ಜಲಾಂತರ್ಗಾಮಿ ಮುಳುಗುವುದಿಲ್ಲ, ಆಳ ಸಿಗುವತನಕ ಹೊರಗೆ ಹೋಗಬೇಕು. ಆದರೂ ಲೆಕ್ಕ ನೋಡಿ: ಘನ ಮೀಟರಿಗೆ 1,025 ಕಿಲೊ ಇದ್ದ ನೀರು 1,020 ಆದರೆ, 1,775 ಟನ್ನಿನ ನೌಕೆ ಒಮ್ಮೆಲೇ ಎಂಟೂವರೆ ಟನ್ನಿಗೂ ಹೆಚ್ಚು ಭಾರವಾದಂತೆ. ಒಳಗೆ ಏನೂ ಬದಲಾಗಿರುವುದಿಲ್ಲ! ಮಳೆಗಾಲದ ಕೊನೆಗೆ ತಳದ ತಣ್ಣೀರು ಮೇಲೇರುವಾಗ ಇದರ ಉಲ್ಟಾ: ನೀರು ದಟ್ಟವಾಗಿ ನೌಕೆ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ.

ತೂಕದ ಲೆಕ್ಕದ ಇಂಥ ತಪ್ಪನ್ನು ವೇಗ ಮರೆಮಾಚುತ್ತದೆ. ಎಂಟು ನಾಟ್‌ನಲ್ಲಿ ಸಾಗುವಾಗ ಹೈಡ್ರೋಪ್ಲೇನ್ ಎಂಬ ಅಡ್ಡ ರೆಕ್ಕೆಗಳೇ ಹೆಚ್ಚುವರಿ ತೂಕ ಹೊತ್ತುಕೊಳ್ಳುತ್ತವೆ. ನಾಲ್ಕಕ್ಕೆ ಇಳಿಸಿದರೆ ರೆಕ್ಕೆಯ ಬಲ ಕಾಲು ಭಾಗಕ್ಕೆ ಕುಸಿಯುತ್ತದೆ, ಆಗ ನೌಕೆ ಜಾರತೊಡಗುತ್ತದೆ. ಆದ್ದರಿಂದಲೇ ಮೊದಲ ಮುಳುಗಿನಲ್ಲಿ ಪೆರಿಸ್ಕೋಪ್ ಆಳಕ್ಕೆ ಇಳಿದು, ವೇಗ ತಗ್ಗಿಸಿ ಟ್ರಿಮ್, ಅಂದರೆ ತೂಕದ ಸಮತೋಲನ, ಪರೀಕ್ಷಿಸುತ್ತಾರೆ. ಆಳ ಉಳಿಸಿಕೊಳ್ಳಲು ರೆಕ್ಕೆಯನ್ನು ಸದಾ ಏರುಮುಖ ಹಿಡಿಯಬೇಕಾಗಿದೆಯೇ? ಹಾಗಿದ್ದರೆ ಭಾರ ಹೆಚ್ಚಿದೆ, ನೀರು ಹೊರಹಾಕಬೇಕು. ಪಂಪು ಓಡಿಸಿದರೆ ಸದ್ದು, ಸದ್ದಾದರೆ ಶತ್ರುವಿನ ಸೋನಾರ್‌ಗೆ ಸುಳಿವು. ಆಗಾಗ ಪಂಪ್ ಮಾಡುವ ಸ್ಥಿತಿ ಬಂತೆಂದರೆ ಬಂದರಿನಲ್ಲಿ ಹಾಕಿದ ಲೆಕ್ಕ ಸರಿಯಿರಲಿಲ್ಲ ಎಂದೇ ಅರ್ಥ.

ಎಲ್ಲ ಕೈಕೊಟ್ಟರೆ ಸಿಲಿಂಡರುಗಳ ಒತ್ತಡದ ಗಾಳಿಯಿಂದ ಬ್ಯಾಲಾಸ್ಟ್ ನೀರನ್ನು ಹೊರದಬ್ಬುತ್ತಾರೆ. ಇದಕ್ಕೂ ಮಿತಿಯುಂಟು. 250 ಬಾರ್ ಒತ್ತಡದ ಒಂದು ಲೀಟರ್ ಗಾಳಿ ಮೇಲ್ಮೈ ಹತ್ತಿರ ಸ್ಥೂಲವಾಗಿ 250 ಲೀಟರ್ ನೀರು ತಳ್ಳಬಲ್ಲದು. ಸುತ್ತಲ ನೀರಿನ ಒತ್ತಡ ಹೆಚ್ಚಿರುವ 300 ಮೀಟರ್ ಆಳದಲ್ಲಿ ಏಳೇ ಲೀಟರ್. ಮೇಲಾಗಿ ಗಾಳಿ ರಭಸದಿಂದ ಹಿಗ್ಗುವಾಗ ತಣ್ಣಗಾಗುತ್ತದೆ, ತೇವವಿದ್ದರೆ ಮಂಜುಗಟ್ಟುತ್ತದೆ. 1963ರಲ್ಲಿ 129 ಜನರೊಂದಿಗೆ ಮುಳುಗಿದ ಅಮೆರಿಕದ ಜಲಾಂತರ್ಗಾಮಿ ಥ್ರೆಷರ್‌ನ ನಂತರ, ಅದೇ ವರ್ಗದ ಟಿನೋಸಾದ ಮೇಲೆ ಬಂದರಿನಲ್ಲೇ ನಡೆಸಿದ ಪರೀಕ್ಷೆಯಲ್ಲಿ ಗಾಳಿಕೊಳವೆಯ ಜಾಲರಿಗಳು ಮಂಜಿನಿಂದ ಕಟ್ಟಿಕೊಂಡದ್ದು ಕಂಡಿತು. ಸಿಲಿಂಡರಿಗೆ ತುಂಬುವ ಗಾಳಿಯನ್ನು ಮೊದಲು ಚೆನ್ನಾಗಿ ಒಣಗಿಸಬೇಕೆಂಬ ಕಟ್ಟುನಿಟ್ಟಿನ ಹಿಂದೆ ಆ ಪರೀಕ್ಷೆಯ ಪಾಠವೂ ಇದೆ.